ಎದುರಂಗಡಿಯ ಬೋಣಿ

ಇಸ್ತಾಂಬುಲಿನಲ್ಲಿ ಈಜಿಪ್ಟ್ ಪೇಟೆ ಎಂದು ಕರೆಯುವ ಮಸಾಲೆ ಪೇಟೆಯ ಹಿಂಗೋಡೆಗೆ ಅಂಟಿಕೊಂಡ ಹಾಗೆ ಆಚೆ ದಾರಿಯಿಲ್ಲದ ಒಂದು ಕುರುಡು ಓಣಿಯಿದೆ. ಅದರೊಳಗೆ ಮಸಾಲೆ ಅಂಗಡಿಗಳು ಎರಡೇ, ಎದುರುಬದುರು. ಒಂದು ಸಾಬ್ರಿ ಎಫೆಂದಿಯದು. ಇನ್ನೊಂದು ಯಾರದು ಎಂಬುದೇ ಆ ವರ್ಷದ ಜಗಳ.

ಮುಯೆಸ್ಸರಳನ್ನು ಕೇಳಿದರೆ, "ನಂದು. ನಂದಲ್ದೆ ನಿಮ್ಮಪ್ಪಂದಾ?" ಅನ್ನುತ್ತಿದ್ದಳು. ಅವಳ ಮೈದುನ ಫೆರಿದುನನನ್ನು ಕೇಳಿದರೆ, "ಅಣ್ಣಂದು. ಅಣ್ಣ ಹೋದ್ಮೇಲೆ ತಮ್ಮಂದು," ಅನ್ನುತ್ತಿದ್ದ. ಸಾಬ್ರಿ ಎಫೆಂದಿಯನ್ನು ಕೇಳಿದರೆ ಆತ ಕತ್ತೆತ್ತಿ ಎದುರಿಗೆ ನೋಡಿ, ಅಲ್ಲಿ ಬರೀ ಗೋಡೆಯಿದೆಯೇನೋ ಎಂಬಂತೆ ಮತ್ತೆ ಚಹಾ ಹೀರತೊಡಗುತ್ತಿದ್ದ. ಮೂರರಲ್ಲಿ ಮುಯೆಸ್ಸರಳನ್ನು ಉರಿಸುತ್ತಿದ್ದದ್ದು ಈ ಮೂರನೆಯದೇ.

ಅಂಗಡಿ ಅವಳ ಗಂಡ ಜೆವ್ದೆತನದಾಗಿತ್ತು. ಜೆವ್ದೆತ್ ಸಾಧು ಮನುಷ್ಯ, ಯಾರಾದರೂ ಜೋರಾಗಿ ಚೌಕಾಸಿ ಮಾಡಿದರೆ ಅವನಿಗೇ ನಾಚಿಕೆಯಾಗುತ್ತಿತ್ತು. ಆದರೂ ಅವನ ಅಂಗಡಿಯ ಕೋಫ್ತೆ ಮಸಾಲೆಗಾಗಿ ದೋಣಿ ಹತ್ತಿ ಬರುವವರಿದ್ದರು. "ಜೆವ್ದೆತನ ಕೈಗುಣ" ಎಂದು ಪೇಟೆಯೆಲ್ಲ ಹೊಗಳುತ್ತಿತ್ತು. ಆ ಕೈ ಮುಯೆಸ್ಸರಳದು. ಆಚೆ ದಡದ ಉಸ್ಕುದಾರಿನ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ, ಮದುವೆಯಾದ ಮರುವರ್ಷದಿಂದಲೂ ಹುರಿದದ್ದು ಅವಳು, ಕುಟ್ಟಿದ್ದು ಅವಳು, ಬೆರೆಸಿದ್ದು ಅವಳು. ಹೊಗಳಿಕೆ ಸಂಜೆಯ ದೋಣಿಯಲ್ಲಿ ಗಂಡನ ಜತೆ ಮನೆಗೆ ಬರುತ್ತಿತ್ತು. ಜೆವ್ದೆತ್ ಅದನ್ನು ಒಂದಕ್ಷರ ಬಿಡದೆ ಹೆಂಡತಿಗೆ ಒಪ್ಪಿಸುತ್ತಿದ್ದ. ಅಷ್ಟರ ಮಟ್ಟಿಗೆ ಒಳ್ಳೆಯವನು.

ವಸಂತದಲ್ಲಿ ಅವನು ತೀರಿಕೊಂಡ. ನಲವತ್ತನೆಯ ದಿನದ ಪ್ರಾರ್ಥನೆ ಮುಗಿದ ಮರುಬೆಳಗ್ಗೆ ಮುಯೆಸ್ಸರ್ ತಲೆಗೆ ವಸ್ತ್ರ ಬಿಗಿದು, ಬೀಗದಕೈ ತಗೊಂಡು, ದೋಣಿ ಹತ್ತಿದಳು. ಬಾಗಿಲು ತೆರೆದು ಮೂಟೆಗಳ ಬಾಯಿ ಬಿಚ್ಚಿದಳು. ಜೀರಿಗೆ, ಒಣಪುದೀನ, ಕೆಂಪು ಮೆಣಸಿನ ತರಿ, ಸುಮಾಕಿನ ಹುಳಿಪುಡಿ, ಒಂದೊಂದನ್ನೂ ಅಂಗೈಯಲ್ಲಿ ಹಿಡಿದು ಮೂಸಿದಳು. ಹಳೆಯ ದಾಲ್ಚಿನ್ನಿಯನ್ನೆಲ್ಲ ಬೀದಿಗೆ ಸುರಿದಳು. ಅಷ್ಟರಲ್ಲಿ ಸಾಬ್ರಿ ಎಫೆಂದಿ ಓಣಿ ದಾಟಿ ಬಂದ. ಬಿಳಿ ಗಡ್ಡ, ಇಸ್ತ್ರಿ ಮಾಡಿದ ಕೋಟು, ಕೈಯಲ್ಲೊಂದು ಲಕೋಟೆ.

"ಮಗಳೇ, ಜೆವ್ದೆತ್ ನನಗೆ ತಮ್ಮನ ಹಾಗಿದ್ದ. ನೀನು ಮನೇಲಿ ಆರಾಮಾಗಿರು. ತಿಂಗಳು ತಿಂಗಳು ಇಷ್ಟು ಅಂತ ನಾನೇ ಕಳಿಸ್ಕೊಡ್ತೀನಿ. ಸಾಬ್ರಿ ಇದ್ದೂ ಪಕ್ಕದವನ ಹೆಂಡ್ತಿ ತಕ್ಕಡಿ ಹಿಡೀಬೇಕಾಯ್ತು ಅಂತ ನಾಲ್ಕು ಜನ ಆಡ್ಕೊಳ್ಳೋದು ಬೇಡ."

"ಲಕೋಟೆ ಒಳಗಿಟ್ಕೊಳ್ಳಿ ಎಫೆಂದಿ. ಕೊಡ್ಲೇಬೇಕು ಅಂತಿದ್ರೆ ಒಬ್ಬ ಗಿರಾಕಿನ ಕೊಡಿ."

ಸಾಬ್ರಿ ಎಫೆಂದಿಯ ಮುಖ ಕಪ್ಪಿಟ್ಟಿತು. ಲಕೋಟೆ ಜೇಬಿಗಿಳಿಸಿ ವಾಪಸು ಹೋದ. ಅವತ್ತಿನಿಂದ ಅವನ ಪಾಲಿಗೆ ಎದುರಂಗಡಿ ಇಲ್ಲವಾಯಿತು.

ಅವಳು ಕೇಳಿದ್ದು ಸಣ್ಣ ವಸ್ತುವಲ್ಲ. ಆ ಪೇಟೆಯಲ್ಲಿ ಬೋಣಿಗೊಂದು ಮರ್ಯಾದೆಯಿದೆ. ಬೆಳಗ್ಗೆ ನಿನ್ನ ಬೋಣಿ ಆಯಿತೋ, ಎದುರಿನವನದು ಇನ್ನೂ ಆಗಿಲ್ಲವೋ, ಆಗ ಎರಡನೆಯ ಗಿರಾಕಿಗೆ ನೀನು ತೂಗುವ ಹಾಗಿಲ್ಲ. "ಅಲ್ಲಿಗೆ ಹೋಗಿ, ಅವರಿಗೆ ಬೋಣಿ ಆಗಿಲ್ಲ" ಎಂದು ಕಳಿಸಬೇಕು. ಬೆಲೆಯಲ್ಲಿ ಒಬ್ಬರ ಕತ್ತು ಒಬ್ಬರು ಕೊಯ್ಯುವವರೂ ಇದನ್ನು ಮಾತ್ರ ಮೀರುವುದಿಲ್ಲ. ಇದು ಅಂಗಡಿಯವರು ಅಂಗಡಿಯವರಿಗೆ ಮಾಡುವ ಮರ್ಯಾದೆ. ತಳ್ಳುಗಾಡಿಯವನಿಗೆ ಯಾರೂ ಹಾಗೆ ಕಳಿಸುವುದಿಲ್ಲ, ಭಿಕ್ಷುಕನಿಗಂತೂ ಇಲ್ಲವೇ ಇಲ್ಲ.

ಸಾಬ್ರಿ ಎಫೆಂದಿ ಕಳಿಸಲಿಲ್ಲ. ಬೇಸಗೆ ಕಳೆಯಿತು, ಚಳಿ ಬಂತು. ಅವನು ಬೋಣಿ ಮಾಡಿ, ಎರಡನೆಯವನಿಗೆ ತೂಗಿ, ಹತ್ತನೆಯವನಿಗೂ ತೂಗುತ್ತಿದ್ದ. ಮುಯೆಸ್ಸರ್ ಇತ್ತ ಖಾಲಿ ಗಲ್ಲಾ ಇಟ್ಟುಕೊಂಡು ನೊಣ ಹೊಡೆಯುತ್ತಿದ್ದಳು. ಹಳೆಯ ಗಿರಾಕಿಗಳು ಬಂದರೆ ಮಧ್ಯಾಹ್ನದ ಹೊತ್ತಿಗೆ ಬೋಣಿ, ಇಲ್ಲದಿದ್ದರೆ ಇಲ್ಲ. ಮುದುಕ ಕೆಟ್ಟವನಾಗಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಅವನು ಕೆಟ್ಟವನಲ್ಲ. ಅವಳ ಮನೆಗೆ ಇದ್ದಿಲು ಕಳಿಸಿದ, ಎಣ್ಣೆ ಕಳಿಸಿದ. ಅವಳು ಎರಡನ್ನೂ ಹಿಂದಕ್ಕೆ ಕಳಿಸಿದಳು. ಕೊಡುವುದಕ್ಕೆ ಅವನ ಕೈ ಸದಾ ಮುಂದು, ತನ್ನ ಸರಿಸಮಕ್ಕೆ ಅವಳನ್ನು ಕೂರಿಸುವುದೊಂದನ್ನು ಬಿಟ್ಟು. ಇಂಥ ದೊಡ್ಡ ಮನಸ್ಸಿನವರ ಕಾಟ ಎಷ್ಟಿರುತ್ತದೆಂದು ಅನುಭವಿಸಿದವರಿಗೇ ಗೊತ್ತು.

ಇದರ ಮೇಲೆ ಅಂಗಡಿಯ ಬಾಡಿಗೆ ಕರಾರು ಮುಗಿಯುತ್ತ ಬಂತು. ಓಣಿಯ ಕಟ್ಟಡದ ಒಡತಿ ಬೆಹಿಜೆ ಹಾನಿಮ್, ಬೊಸ್ಫೊರಸ್ ದಡದ ಮನೆಯಿಂದ ವರ್ಷಕ್ಕೊಮ್ಮೆ ಕೆಳಗಿಳಿಯುವ ಹೆಂಗಸು. ಮುಯೆಸ್ಸರ್ ಅಲ್ಲಿಗೇ ಹೋಗಿ ಕೇಳಿದಳು. ಹೋಗಿ ನೋಡಿದರೆ ಫೆರಿದುನ್ ಆಗಲೇ ಅಲ್ಲಿ ಕಾಲಮೇಲೆ ಕಾಲು ಹಾಕಿಕೊಂಡು ಕಾಫಿ ಕುಡಿಯುತ್ತಿದ್ದಾನೆ. ಅವನಿಗೆ ಮಸಾಲೆ ಬೇಕಿರಲಿಲ್ಲ. ಆ ಜಾಗದಲ್ಲಿ ಪ್ಲಾಸ್ಟಿಕ್ ಬಕೆಟ್ ಮಾರುವ ಆಸೆ.

ಬೆಹಿಜೆ ಹಾನಿಮ್ ಇಬ್ಬರಿಗೂ ಒಂದೇ ಮಾತು ಹೇಳಿದಳು. "ನನಗೆ ನಿಮ್ಮ ಮನೆ ಜಗಳ ಬೇಡ. ಓಣಿಗೆ ಹಿರಿಯರು ಸಾಬ್ರಿ ಎಫೆಂದಿ. ಅವರು ಯಾರನ್ನ ಅಂಗಡಿಯವರು ಅಂತ ಹೇಳ್ತಾರೋ ಅವರ ಹೆಸರಿಗೆ ಬರ್ಕೊಡ್ತೀನಿ. ನಮ್ಮಪ್ಪನೂ ಹಾಗೇ ಮಾಡ್ತಿದ್ದಿದ್ದು. ರಂಜಾನ್ ಉಪವಾಸ ಶುರುವಾಗೋ ಹಿಂದಿನ ದಿನ ಬರ್ತೀನಿ."

ಫೆರಿದುನ್ ಮೀಸೆಯಡಿಯಲ್ಲೇ ನಕ್ಕ. ಹೊರಗೆ ಬಂದಮೇಲೆ, "ಅತ್ತಿಗೆ, ಬೀಗದಕೈ ಈಗ್ಲೇ ಕೊಟ್ರೆ ನಿಮಗೊಂದು ಒಳ್ಳೆ ಬಕೆಟ್ ಇಟ್ಟಿರ್ತೀನಿ," ಅಂದ.

"ಇಟ್ಕೋ. ಅಳೋಕೆ ನಿನಗೇ ಬೇಕಾಗುತ್ತೆ," ಅಂದಳು ಮುಯೆಸ್ಸರ್.

ಬಾಯಲ್ಲಿ ಹಾಗಂದಳೇ ಹೊರತು ವಾಪಸು ಬರುವ ದೋಣಿಯಲ್ಲಿ ಅವಳಿಗೆ ಜೀವ ಬಾಯಿಗೆ ಬಂದಿತ್ತು. ಮಕ್ಕಳಿಲ್ಲ. ತೌರಿನಲ್ಲಿ ಉಳಿದವರು ಯಾರೂ ಇಲ್ಲ. ಈ ಅಂಗಡಿ ಹೋದರೆ ಉಳಿಯುವುದು ಸಾಬ್ರಿ ಎಫೆಂದಿಯ ಲಕೋಟೆಯೊಂದೇ. ಸಾಯುವವರೆಗೆ ತಿಂಗಳು ತಿಂಗಳು ಲಕೋಟೆ ತಗೊಂಡು "ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ" ಅನ್ನಬೇಕು. ಅದನ್ನು ನೆನೆಸಿಕೊಂಡದ್ದೇ ಅವಳ ಭಯವೆಲ್ಲ ಸಿಟ್ಟಾಯಿತು. ಸಿಟ್ಟಿನಲ್ಲಿ ಅವಳ ತಲೆ ಚುರುಕಾಗಿ ಓಡುತ್ತಿತ್ತು. ಅವನು ಕಳಿಸದಿದ್ದರೆ ನಾನೇ ಕಳಿಸುತ್ತೇನೆ, ಎಂದುಕೊಂಡಳು. ಕಳಿಸುವ ಹಕ್ಕೂ ಅಂಗಡಿಯವರಿಗೇ ತಾನೆ? ನಾನು ಕಳಿಸಿದ ಗಿರಾಕಿಗೆ ಅವನು ತೂಗಿದರೆ ನನ್ನನ್ನು ಅಂಗಡಿಯವಳೆಂದು ಒಪ್ಪಿದ ಹಾಗೆ.

ಮರುದಿನ ಅವಳು ಮೊದಲ ದೋಣಿಗೇ ಬಂದಳು. ಸೇತುವೆಯ ಕೆಳಗೆ ಮೀನು ಹುರಿಯುವವರು ಮೆಣಸಿನ ತರಿ ತಗೊಂಡುಹೋದರು. ಬೋಣಿಯಾಯಿತು. ಸಾಬ್ರಿ ಎಫೆಂದಿ ಬಾಗಿಲು ತೆರೆಯುವ ಹೊತ್ತಿಗೆ ಎರಡನೆಯ ಗಿರಾಕಿಯಾಗಿ ಸಿರ್ಕೆಜಿ ಕಡೆಯ ಹೋಟೆಲಿನ ಅಡುಗೆ ಮೇಸ್ತ್ರಿ ರಿಫ್ಕಿ ಬಂದ. ಹೊಟ್ಟೆ ದೊಡ್ಡದು, ತಾಳ್ಮೆ ಸಣ್ಣದು.

"ಅಕ್ಕಾ, ಜೀರಿಗೆ ತೂಗು. ಬೇಗ."

"ನನ್ನ ಬೋಣಿ ಆಯ್ತು ಮೇಸ್ತ್ರಿ. ಎದುರುಗಡೆ ಸಾಬ್ರಿ ಎಫೆಂದಿಗೆ ಇನ್ನೂ ಆಗಿಲ್ಲ. ಅಲ್ಲಿ ತಗೊಳ್ಳಿ."

ರಿಫ್ಕಿ ತಲೆಯಾಡಿಸಿ ಓಣಿ ದಾಟಿದ. ಪೇಟೆಯಲ್ಲಿ ಬೆಳೆದವನು, ಅವನಿಗೆ ಇದರಲ್ಲಿ ಹೊಸದೇನಿಲ್ಲ. ಸಾಬ್ರಿ ಎಫೆಂದಿ ಜೀರಿಗೆಯ ಮೂಟೆಗೆ ಕೈಹಾಕಿದವನು ಹಾಗೇ ನಿಂತ.

"ಯಾರು ಕಳಿಸಿದ್ದು?"

"ಎದುರಂಗಡಿಯವರು."

"ಎದುರಂಗಡಿ ಮುಚ್ಚಿದೆ."

ರಿಫ್ಕಿ ಹಿಂತಿರುಗಿ ನೋಡಿದ. "ಮುಚ್ಚಿದ ಅಂಗಡಿಯಿಂದ ಒಬ್ರು ನನಗೆ ಕೈ ಬೀಸ್ತಿದಾರಲ್ಲ ಎಫೆಂದಿ?"

"ಹೆಂಗಸು ಕಳಿಸಿದ ಬೋಣಿ ನನಗೆ ಬೇಡ," ಎಂದು ಮುದುಕ ಮೂಟೆಯ ಬಾಯಿ ಮುಚ್ಚಿದ.

ರಿಫ್ಕಿ ಮರಳಿ ಈಚೆಗೆ ಬಂದ. ಮುಯೆಸ್ಸರ್ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. "ಹಾಗಾದ್ರೆ ನಾನೂ ಕೊಡಲ್ಲ. ಅವರ ಬೋಣಿ ಆಗೋವರೆಗೂ ನಾನು ಎರಡನೇ ಗಿರಾಕಿಗೆ ತಕ್ಕಡಿ ಎತ್ತಲ್ಲ."

"ಅಕ್ಕಾ, ನಿಮ್ಮಿಬ್ಬರ ಕಾಲು ಹಿಡ್ಕೋತೀನಿ. ಒಲೆ ಮೇಲೆ ಸೂಪು ಕುದೀತಿದೆ!"

"ಕಾಲು ಹಿಡಿಯೋದಿದ್ರೆ ಅವರದ್ದು ಹಿಡೀರಿ. ನಾನು ಪೇಟೆ ಮರ್ಯಾದೆ ಪ್ರಕಾರ ನಡ್ಕೊಂಡಿದೀನಿ."

ಅವತ್ತು ಆ ಹೋಟೆಲಿನಲ್ಲಿ ಸಪ್ಪೆ ಸೂಪು ಕುಡಿದವರಿಗೆ ಕಾರಣ ತಿಳಿಯಲಿಲ್ಲ.

ರಂಜಾನಿಗೆ ಮುಂಚಿನ ದಿನಗಳೆಂದರೆ ಇಡೀ ವರ್ಷದ ವ್ಯಾಪಾರ. ಮನೆಮನೆಯವರೂ ಡಬ್ಬಿ ತುಂಬಿಸಿಕೊಳ್ಳುವ ಹೊತ್ತು. ಮುಯೆಸ್ಸರ್ ದಿನವೂ ಬೋಣಿ ಮುಗಿಸಿ ಓಣಿಯ ಬಾಯಲ್ಲೇ ಹೋಗಿ ನಿಲ್ಲತೊಡಗಿದಳು. ಬಂದವರಿಗೆಲ್ಲ, "ಸಾಬ್ರಿ ಎಫೆಂದಿ ಅಂಗಡಿಗೆ ಹೋಗಿ, ಅವರಿಗೆ ಬೋಣಿ ಆಗಿಲ್ಲ, ಮುಯೆಸ್ಸರ್ ಕಳಿಸಿದ್ಲು ಅನ್ನಿ," ಎಂದು ಹೇಳಿ ಕಳಿಸುವಳು. ಮುದುಕನ ಹೊಸಿಲು ಮುಟ್ಟುವ ಪ್ರತಿಯೊಬ್ಬನೂ ಅವಳ ಕೈ ಹಾದೇ ಬಂದವನು. "ಅವಳು ಕಳಿಸಿದ್ದಾ?" ಎಂದು ಮುದುಕ ಕೇಳುವನು. "ಹೂಂ," ಅಂದರೆ, "ಇಲ್ಲ," ಎಂದು ಅವನು ಬೆನ್ನು ತಿರುಗಿಸುವನು. ಸುಳ್ಳು ಹೇಳಿದವರಿದ್ದರು. ಆದರೆ ಮುಯೆಸ್ಸರ್ ಓಣಿಯ ಬಾಯಿಂದಲೇ, "ನಾನೇ ಕಳಿಸಿದ್ದು ಎಫೆಂದಿ! ಚೆನ್ನಾಗಿ ತೂಗಿಕೊಡಿ!" ಎಂದು ಕೂಗಿ ಅವರ ಬಣ್ಣ ಬಯಲು ಮಾಡುತ್ತಿದ್ದಳು.

ಓಣಿ ತುಂಬ ಜನ. ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ. ಖಾಲಿ ಚೀಲ ಹಿಡಿದ ಹೆಂಗಸರು ಇಬ್ಬರಿಗೂ ಶಾಪ ಹಾಕುತ್ತ ಬೇರೆ ಓಣಿಗೆ ಹೋದರು. ಕೆಲವರು ಮಜಾ ನೋಡಲೆಂದೇ ನಿಂತರು. ಲಾಭವಾದದ್ದು ಚಹಾ ಮಾರುವ ಬೆಕಿರನೊಬ್ಬನಿಗೇ. "ಇನ್ನೊಂದು ತಿಂಗಳು ಜಗಳ ಆಡಿ ತಾಯಿ, ಮಗಳ ಮದುವೆ ಮಾಡಿಬಿಡ್ತೀನಿ," ಎಂದು ತಟ್ಟೆ ತಿರುಗಿಸುತ್ತ ಓಡಾಡಿದ.

"ನಿನ್ನ ಮಗಳಿಗೆ ಮಸಾಲೆ ನಾನು ಕೊಡ್ತೀನಿ," ಅಂದಳು ಮುಯೆಸ್ಸರ್. "ಮುದುಕನ ಬೋಣಿ ಆದ್ಮೇಲೆ."

ಫೆರಿದುನ್ ಒಂದು ಮಧ್ಯಾಹ್ನ ಬಂದು ಅಂಗಡಿಯ ಉದ್ದಗಲ ಕಣ್ಣಲ್ಲೇ ಅಳೆದ. "ಅತ್ತಿಗೆ, ನೀವು ವ್ಯಾಪಾರ ಮಾಡಿ ಉಳಿಸ್ಕೋತೀರೇನೋ ಅಂತ ಹೆದರಿದ್ದೆ. ನೀವೇ ಗಿರಾಕಿನ ಓಡಿಸ್ತಿದೀರಿ. ನನ್ನ ಕೆಲಸ ನೀವೇ ಮಾಡ್ತಿದೀರಲ್ಲ!"

"ಎರಡು ಕಾಸು ಲಾಭ ಮಾಡ್ಕೊಂಡು ಕಳ್ಳರ ಹಾಗೆ ಕೂರೋದಾದ್ರೆ ರಸ್ತೆ ಬದೀಲೂ ಕೂರಬಹುದು ಫೆರಿದುನ್. ಇಲ್ಲಿ ಕೂತ್ರೆ ಅಂಗಡಿಯವಳಾಗೇ ಕೂರೋದು."

"ಅಣ್ಣ ಬದುಕಿದ್ದಿದ್ರೆ ನಾಚ್ಕೋತಿದ್ದ."

"ಅವರು ಎಲ್ಲದಕ್ಕೂ ನಾಚ್ಕೋತಿದ್ರು. ಅದಕ್ಕೇ ನಿನ್ನಂಥೋನು ಮನೆ ಒಳಗೆ ಬಂದು ಉಣ್ತಿದ್ದ."

ಫೆರಿದುನ್ ಹೋದಮೇಲೆ ಅವಳು ಮೂಟೆಯ ಮೇಲೆ ಕುಸಿದು ಕೂತಳು. ಅವನು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಮನೆ ಬಾಡಿಗೆ ಬಾಕಿ ನಿಂತಿತ್ತು. ರಾತ್ರಿಗೆ ಒಣ ರೊಟ್ಟಿ, ಆಲಿವ್. ಸುಮ್ಮನೆ ತೂಗಿಬಿಟ್ಟರೆ ಯಾರು ಬೇಡ ಅನ್ನುತ್ತಾರೆ? ಒಂದು ಕ್ಷಣ ಕೈ ತಕ್ಕಡಿಯ ಕಡೆ ಹೋಯಿತು ಕೂಡ. ಆಗ ಎದುರಿಗೆ ಸಾಬ್ರಿ ಎಫೆಂದಿಯೂ ಖಾಲಿ ಅಂಗಡಿಯಲ್ಲಿ ಒಬ್ಬನೇ ಕೂತದ್ದು ಕಂಡಿತು. ರಂಜಾನಿನ ವ್ಯಾಪಾರ ಬಿಟ್ಟು ಅವನೂ ಕೂತಿದ್ದ. ನನ್ನನ್ನು ಕಾಣುವುದಿಲ್ಲ ಅನ್ನುವುದಕ್ಕೆ ಇಷ್ಟೊಂದು ನಷ್ಟ ಮಾಡಿಕೊಳ್ಳುತ್ತಾನಾ ಈತ, ಎಂದು ಅವಳಿಗೆ ನಗು ಬಂತು. ನಕ್ಕಮೇಲೆ ಕೈ ಹಿಂದಕ್ಕೆ ಬಂತು.

ರಂಜಾನಿನ ಹಿಂದಿನ ದಿನ ಬಂದೇ ಬಂತು. ಮುಯೆಸ್ಸರ್ ಬಾಗಿಲು ತೆರೆದು ಇನ್ನೂ ಗುಡಿಸುತ್ತಿದ್ದಳು, ಬೋಣಿಯೂ ಆಗಿರಲಿಲ್ಲ. ಸಾಬ್ರಿ ಎಫೆಂದಿಯ ಹಮಾಲಿ ಬಂದು ಹೊಸಿಲ ಮೇಲೆ ಒಂದು ಗಂಟು ಇಟ್ಟು, ಮುಖ ನೋಡದೆ ಹೊರಟುಹೋದ. ಬಿಚ್ಚಿದರೆ ಅಕ್ಕಿ, ಸಕ್ಕರೆ, ಖರ್ಜೂರ, ಮತ್ತೆ ಸಣ್ಣ ಸಣ್ಣ ಪೊಟ್ಟಣಗಳಲ್ಲಿ ಜೀರಿಗೆ, ಕಾಳುಮೆಣಸು, ದಾಲ್ಚಿನ್ನಿ. ಪೇಟೆಯ ದೊಡ್ಡವರು ರಂಜಾನಿಗೆ ಮುಂಚೆ ಬಡಬಗ್ಗರಿಗೆ, ಗತಿಯಿಲ್ಲದ ವಿಧವೆಯರಿಗೆ ಹಂಚುವ ಗಂಟು.

ಮಸಾಲೆ ಅಂಗಡಿಯವಳಿಗೆ ಮಸಾಲೆಯ ದಾನ! ಅವಳ ಕಿವಿ ಬಿಸಿಯಾಯಿತು. ಹಿಂದೆ ಇದ್ದಿಲು, ಎಣ್ಣೆ ಕಳಿಸಿದಾಗ ಮಾಡಿದ ಹಾಗೆ ಇದನ್ನೂ ಹಿಂದಕ್ಕೆ ಕಳಿಸಬಹುದಿತ್ತು. ಅವಳು ಪೊರಕೆ ಎಸೆದು, ಪರ್ಸು ತಗೊಂಡು, ಗಂಟನ್ನು ಕಂಕುಳಿಗೇರಿಸಿ ಓಣಿ ದಾಟಿದಳು. ವರ್ಷದಲ್ಲಿ ಮೊದಲ ಸಲ ದಾಟಿದ್ದು.

ಅಷ್ಟು ಹೊತ್ತಿಗೆ ಅಲ್ಲಿ ಬೆಹಿಜೆ ಹಾನಿಮ್ ಬಂದು ಕುರ್ಚಿಯಲ್ಲಿ ಕೂತಾಗಿತ್ತು. ಪಕ್ಕದಲ್ಲಿ ಹೊಸ ಟೈ ಕಟ್ಟಿದ ಫೆರಿದುನ್. ಜೀರಿಗೆ ಸಿಕ್ಕೀತೇನೋ ಎಂಬ ಆಸೆಯಲ್ಲಿ ಬಂದ ರಿಫ್ಕಿ ಬಾಗಿಲಲ್ಲಿ. ಚಹಾ ತಂದ ಬೆಕಿರ್. ಮುಯೆಸ್ಸರ್ ಇವರ್‍ಯಾರನ್ನೂ ಮಾತಾಡಿಸಲಿಲ್ಲ. ಗಂಟನ್ನು ಧೊಪ್ಪನೆ ಸಾಬ್ರಿ ಎಫೆಂದಿಯ ಮುಂದೆ ಇಟ್ಟಳು.

"ತೂಗಿ."

"ಏನು?" ಮುದುಕ ತಡವರಿಸಿದ. "ಅದು... ರಂಜಾನಿನ ಗಂಟು. ತಪ್ಪು ತಿಳ್ಕೋಬೇಡ ಮಗಳೇ, ಹಬ್ಬದ ತಿಂಗಳು..."

"ನಾನು ಗಿರಾಕಿ. ದುಡ್ಡು ತಂದಿದೀನಿ. ಒಂದೊಂದಾಗಿ ತೂಗಿ, ಬೆಲೆ ಹೇಳಿ."

"ಅತ್ತಿಗೆ, ಹಿರಿಯರ ಮುಂದೆ ಇದೇನು ಹುಚ್ಚಾಟ?" ಅಂದ ಫೆರಿದುನ್.

"ನೀನು ಸುಮ್ನಿರು. ಎಫೆಂದಿ, ಹೆಂಗಸು ಕಳಿಸಿದ ಬೋಣಿ ಬೇಡ ಅಂದ್ರಿ. ಸರಿ, ಇವತ್ತು ನಾನು ಯಾರನ್ನೂ ಕಳಿಸಿಲ್ಲ. ನಾನೇ ಬಂದಿದೀನಿ. ಈ ಊರಿನ ಹೆಂಗಸರು ಕರವಸ್ತ್ರದ ಗಂಟು ಬಿಚ್ಚಿ ಕೊಟ್ಟ ದುಡ್ಡಲ್ಲೇ ನಿಮ್ಮ ಗಡ್ಡ ಬೆಳ್ಳಗಾಯ್ತು. ಆವಾಗೆಲ್ಲ ನಮ್ಮ ಕೈ ನಿಮಗೆ ಆಗ್ತಿತ್ತು. ದುಡ್ಡು ಕೊಡೋಕೆ ಆಗೋ ಕೈ ತಕ್ಕಡಿ ಹಿಡಿಯೋಕೆ ಯಾಕಾಗಲ್ಲ? ನನಗೆ ನಿಮ್ಮ ದಯೆ ಬೇಡ. ನಿಮ್ಮ ದಯೆ ನೋಡಿ ನೋಡಿ ನನಗೆ ಹೊಟ್ಟೆ ಉರೀತಿದೆ. ತೂಗ್ತೀರೋ, ಇಲ್ಲ ಗಿರಾಕಿನ ಹೊಸಿಲಿಂದ ಓಡಿಸ್ತೀರೋ?"

ಅವಳು ಕಳಿಸಿದವರನ್ನು ತಿರುಗಿಸಿದ್ದು ಬೇರೆ ಮಾತು, ತಾನಾಗಿ ಹೊಸಿಲು ತುಳಿದ ಗಿರಾಕಿಯನ್ನು ಸಾಬ್ರಿ ಎಫೆಂದಿಯ ವಂಶದಲ್ಲೇ ಯಾರೂ ಓಡಿಸಿರಲಿಲ್ಲ. ಆತ ತಕ್ಕಡಿ ಎತ್ತಿದ. ಅಕ್ಕಿ, ಸಕ್ಕರೆ, ಖರ್ಜೂರ ತೂಗಿದ, ಜೀರಿಗೆ ತೂಗಿದ, ಕಾಳುಮೆಣಸು ತೂಗಿದ, ದಾಲ್ಚಿನ್ನಿ ತೂಗಿದ, ಬೆಲೆಯನ್ನು ಗೊಣಗಿದ. "ದಾಲ್ಚಿನ್ನಿಗೆ ಜಾಸ್ತಿ ಹೇಳಿದ್ರಿ," ಎಂದು ಅವಳು ಚೌಕಾಸಿ ಬೇರೆ ಮಾಡಿದಳು. ಆತ ಇಳಿಸಿದ. ಅವಳು ಲಿರಾ ನಾಣ್ಯಗಳನ್ನು ಅವನ ಅಂಗೈಗೆ ಹಾಕಿದಳು.

ಮುಂದಿನದು ಅವನು ಯೋಚಿಸಿ ಮಾಡಿದ್ದಲ್ಲ. ಅಂಗಡಿ ಹಾಕಿದ ದಿನದಿಂದ ಪ್ರತಿ ಬೆಳಗ್ಗೆ ಮಾಡಿ ಮಾಡಿ ಕೈಗೆ ರೂಢಿಯಾಗಿದ್ದದ್ದು. ಒಂದು ನಾಣ್ಯ ನೆಲಕ್ಕೆ ಎಸೆದು, ಎತ್ತಿಕೊಂಡು, ಗಡ್ಡಕ್ಕೆ ಸವರಿಕೊಂಡ. "ಬೋಣಿ ನಿನ್ನಿಂದ, ಬರಕತ್ತು ಅಲ್ಲಾಹನಿಂದ," ಎಂದು ಬಾಯಿ ತಾನಾಗಿಯೇ ಹೇಳಿತು. ಹೇಳಿದಮೇಲೆ ನಾಣ್ಯವನ್ನು ಗಡ್ಡದ ಬಳಿಯೇ ಹಿಡಿದುಕೊಂಡು ಕಣ್ಣು ಕಣ್ಣು ಬಿಟ್ಟ.

ಮುಯೆಸ್ಸರ್ ಗಂಟು ಎತ್ತಿಕೊಂಡು, ಓಣಿ ದಾಟಿ, ತನ್ನ ಅಂಗಡಿಯಲ್ಲಿ ತಕ್ಕಡಿಯ ಹಿಂದೆ ಹೋಗಿ ಕೂತಳು.

"ಇನ್ನಾದ್ರೂ ಹೇಳಿ ಸಾಬ್ರಿ ಎಫೆಂದಿ," ಅಂದಳು ಬೆಹಿಜೆ ಹಾನಿಮ್. "ಯಾರ ಹೆಸರಿಗೆ ಬರೀಲಿ? ನನಗೆ ಹೊತ್ತಾಗುತ್ತೆ."

"ಹೇಳೋದೇನಿದೆ ಹಾನಿಮ್?" ಅಂದ ಫೆರಿದುನ್. "ಎಫೆಂದಿ ಆ ಅಂಗಡಿಗೆ ಒಂದು ವರ್ಷದಿಂದ ಒಬ್ಬ ಗಿರಾಕಿನೂ ಕಳಿಸಿಲ್ಲ. ಅದಕ್ಕಿಂತ ದೊಡ್ಡ ಉತ್ತರ ಬೇಕಾ?" ಹಾಗಂದವನೇ ಎದ್ದು ಓಣಿ ದಾಟಿ ಬಂದು, ಆಗಲೇ ತನ್ನದಾಯಿತೆಂಬಂತೆ ಮುಯೆಸ್ಸರಳ ಬಾಗಿಲಿಗೆ ಒರಗಿ ನಿಂತ.

ಅಡುಗೆ ಮೇಸ್ತ್ರಿ ರಿಫ್ಕಿಗೆ ಕರಾರು ಗಿರಾರು ಯಾವುದೂ ಬೇಕಿರಲಿಲ್ಲ. "ಎಫೆಂದಿ, ದೇವರ ದಯದಿಂದ ನಿಮ್ಮ ಬೋಣಿ ಆಯ್ತಲ್ಲ. ನಾಳೆಯಿಂದ ಉಪವಾಸ ಬಿಡಿಸೋ ಊಟ ಶುರು. ನನಗೆ ಒಂದು ಚೀಲ ಜೀರಿಗೆ ತೂಗಿ."

ಸಾಬ್ರಿ ಎಫೆಂದಿ ಜೀರಿಗೆಗೆ ಕೈಹಾಕಿದ. ಕೈ ಅಲ್ಲೇ ನಿಂತಿತು. ತನ್ನ ಬೋಣಿ ಆಗಿದೆ. ಎದುರಿಗೆ ಬಾಗಿಲು ತೆರೆದಿದೆ, ಗಲ್ಲಾ ಖಾಲಿಯಿದೆ. ಬೋಣಿ ಮಾಡಿಸಿದವಳೇ ಬೋಣಿಯಿಲ್ಲದೆ ಕೂತಿದ್ದಾಳೆ. ಒಂದು ವರ್ಷ ಅವನು ಎರಡನೆಯವನಿಗೆ ತೂಗಿದ್ದ, ಹತ್ತನೆಯವನಿಗೂ ತೂಗಿದ್ದ, ಕೈ ಹೀಗೆ ನಿಂತಿರಲಿಲ್ಲ. ಇವತ್ತು ನಿಂತಿತು. ಮುದುಕ ಬಾಯೊಳಗೇ ಏನೋ ಬೈದುಕೊಂಡ. ತಕ್ಕಡಿ ಕುಕ್ಕಿದ. ಸಿಟ್ಟೆಲ್ಲ ಬಡಪಾಯಿ ರಿಫ್ಕಿಯ ಮೇಲೆ ತಿರುಗಿತು.

"ಇಷ್ಟು ವರ್ಷದಿಂದ ಪೇಟೆಗೆ ಬರ್ತೀಯ, ಬುದ್ಧಿ ಇಲ್ವಾ ನಿನಗೆ? ಎದುರಿಗೆ ಅಷ್ಟು ದೊಡ್ಡ ಅಂಗಡಿ ಇದೆ, ಕಣ್ಣು ಕಾಣಲ್ವಾ? ಆಕೆಗೆ ಇನ್ನೂ ಬೋಣಿ ಆಗಿಲ್ಲ! ನಡಿ, ಮೊದಲು ಅಲ್ಲಿಗೆ ನಡಿ!"

ಓಣಿಗೆಲ್ಲ ಕೇಳಿಸಿತು. ಬೆಹಿಜೆ ಹಾನಿಮ್ ಬ್ಯಾಗಿನಿಂದ ಪೆನ್ನು ತೆಗೆದಳು.

ಮುಯೆಸ್ಸರಳಿಗೆ ಅಳು ಬಂತು. ಮುಚ್ಚಿಕೊಳ್ಳದೆ ಅತ್ತಳು, ತಲೆವಸ್ತ್ರದ ತುದಿಯಿಂದ ಮುಖ ಒರೆಸಿಕೊಂಡಳು, ಎದ್ದು ಜೀರಿಗೆಯ ಮೂಟೆ ಬಿಚ್ಚಿದಳು. ಬಾಗಿಲಿಗೆ ಅಡ್ಡವಾಗಿ ಫೆರಿದುನ್ ಇನ್ನೂ ನಿಂತೇ ಇದ್ದ.

"ಪಕ್ಕಕ್ಕೆ ಸರಿಯೋ," ಅಂದಳು. "ಗಿರಾಕಿ ಬರ್ತಿದಾರೆ."